‘ಎಂತಿಲ್ಲ’ ಅನ್ನುವುದು ಸುಳ್ಳಲ್ಲ: ಊಟದ ಕಾಯಿಲೆ ಮತ್ತು ಹೆಸರು ಸಿಗದ ಭಾವನೆ

ಹಾಸ್ಟೆಲಿನಿಂದ ರಜೆಗೆ ಬಂದ ಮಗಳು ಊಟಕ್ಕೆ ಕೂತಿದ್ದಾಳೆ. ಬಡಿಸಿದ್ದು ಎರಡು ಕಡುಬು. ಅದರಲ್ಲಿ ಅರ್ಧ ಕಡುಬನ್ನು ಕಡಲೆಕಾಳಿನಷ್ಟು ಚೂರು ಮಾಡಿ ತಟ್ಟೆಯ ಅಂಚಿಗೆ ಸರಿಸುತ್ತಿದ್ದಾಳೆ. ಏಪ್ರಿಲ್ ತಿಂಗಳ ಸೆಕೆಯಲ್ಲೂ ಮೈಮೇಲೆ ಸ್ವೆಟರ್.

“ಎಂತಾಯ್ತೆ ನಿಂಗೆ?”

“ಎಂತಿಲ್ಲಮ್ಮ.”

“ಹಾಸ್ಟೆಲಲ್ಲಿ ಯಾರಾದ್ರೂ ಎಂತಾದ್ರೂ ಅಂದ್ರಾ?”

“ಎಂತಿಲ್ಲ ಅಂದ್ನಲ್ಲ. ಹೊಟ್ಟೆ ತುಂಬಿದೆ, ಅಷ್ಟೇ.”

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಯಾವ ಮನೆಯಲ್ಲಾದರೂ ಕೇಳಿಬರಬಹುದಾದ ಮಾತು ಇದು. ಈ ‘ಎಂತಿಲ್ಲ’ವನ್ನು ಮನೆಯವರು ಸಾಮಾನ್ಯವಾಗಿ ಎರಡೇ ರೀತಿಯಲ್ಲಿ ಅರ್ಥಮಾಡಿಕೊಳ್ಳುತ್ತಾರೆ. ಒಂದೋ ಏನನ್ನೋ ಮುಚ್ಚಿಡುತ್ತಿದ್ದಾಳೆ, ಇಲ್ಲವೇ ಹಟ ಮಾಡುತ್ತಿದ್ದಾಳೆ. ಮೊದಲನೆಯದಾದರೆ ಕೆದಕಿ ಕೆದಕಿ ಕೇಳುತ್ತಾರೆ, ಎರಡನೆಯದಾದರೆ ಬೈಯುತ್ತಾರೆ. ಆದರೆ ಊಟದ ಕಾಯಿಲೆ, ಅಂದರೆ ವೈದ್ಯರು ಈಟಿಂಗ್ ಡಿಸಾರ್ಡರ್ ಎನ್ನುವುದು, ಇರುವವರಲ್ಲಿ ಮೂರನೆಯ ಸಾಧ್ಯತೆಯೊಂದಿದೆ. ತನ್ನೊಳಗೆ ನೋಡಿಕೊಂಡರೆ ಅವಳಿಗೆ ಕಾಣುವುದೇ ಅಷ್ಟು: ಹೊಟ್ಟೆ ತುಂಬಿದೆ. ಅದರ ಹಿಂದೆ ಹೆದರಿಕೆಯೋ ಅವಮಾನವೋ ಸಿಟ್ಟೋ ಇರಬಹುದು. ಅದು ಅವಳಿಗೇ ಗೊತ್ತಾಗುತ್ತಿಲ್ಲ. ಗೊತ್ತಿಲ್ಲದ್ದನ್ನು ಹೇಳು ಹೇಳು ಎಂದು ದಬಾಯಿಸಿದರೆ ‘ಎಂತಿಲ್ಲ’ ಅಲ್ಲದೆ ಇನ್ನೇನು ಉತ್ತರ ಬಂದೀತು?

ಈ ಲೇಖನ ಆ ಮೂರನೆಯ ಸಾಧ್ಯತೆಯ ಬಗ್ಗೆ.

ಇದಕ್ಕೊಂದು ಹೆಸರಿದೆ

ತನ್ನ ಭಾವನೆಯನ್ನು ಗುರುತಿಸಲು, ಗುರುತಿಸಿದರೂ ಮಾತಿನಲ್ಲಿ ಹೇಳಲು ಆಗದಿರುವುದಕ್ಕೆ ‘ಅಲೆಕ್ಸಿಥೈಮಿಯಾ’ ಎನ್ನುತ್ತಾರೆ. ಅಮೆರಿಕದ ಬಾಸ್ಟನ್‌ನಲ್ಲಿದ್ದ ಮನೋವೈದ್ಯ ಪೀಟರ್ ಸಿಫ್ನಿಯೋಸ್ 1970ರ ದಶಕದ ಆರಂಭದಲ್ಲಿ ಇಟ್ಟ ಹೆಸರು. ಗ್ರೀಕಿನ ‘ಅ’ ಎಂದರೆ ಇಲ್ಲ (ನಮ್ಮ ಅಶಾಂತಿ, ಅನ್ಯಾಯಗಳ ‘ಅ’ ಇದ್ದ ಹಾಗೆಯೇ), ‘ಲೆಕ್ಸಿಸ್’ ಎಂದರೆ ಮಾತು, ‘ಥೈಮೋಸ್’ ಎಂದರೆ ಭಾವ. ಭಾವಕ್ಕೆ ಮಾತಿಲ್ಲದ ಸ್ಥಿತಿ. ಮನಸ್ಸಿನ ಒತ್ತಡ ದೇಹದ ಕಾಯಿಲೆಯಾಗಿ ಹೊರಬರುವ ರೋಗಿಗಳನ್ನು ನೋಡುತ್ತಿದ್ದಾಗ ಅವರ ಕಣ್ಣಿಗೆ ಬಿದ್ದದ್ದು ಇದು. ಆ ರೋಗಿಗಳು ನಡೆದದ್ದನ್ನೆಲ್ಲ ಇಂಚಿಂಚೂ ಹೇಳುತ್ತಿದ್ದರು. ಆಗ ನಿಮಗೆ ಏನನ್ನಿಸಿತು ಎಂದು ಕೇಳಿದರೆ ಮಾತ್ರ ಸುಮ್ಮನಾಗುತ್ತಿದ್ದರು.

ಇದು ತಾನೇ ಒಂದು ಕಾಯಿಲೆಯಲ್ಲ. ಎತ್ತರದ ಹಾಗೆ, ಎಲ್ಲರಲ್ಲೂ ಹೆಚ್ಚೋ ಕಡಿಮೆಯೋ ಇರುವ ಗುಣ. ಫಿನ್ಲೆಂಡಿನಲ್ಲಿ 1999ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ಜನಸಾಮಾನ್ಯರ ಪೈಕಿ ಶೇ. 13ರಷ್ಟು ಜನರಲ್ಲಿ ಇದು ಗಣನೀಯ ಮಟ್ಟದಲ್ಲಿತ್ತು, ಗಂಡಸರಲ್ಲಿ ಶೇ. 17, ಹೆಂಗಸರಲ್ಲಿ ಶೇ. 10. ಊಟದ ಕಾಯಿಲೆಗಳಾದ ಅನೊರೆಕ್ಸಿಯಾ (ತೂಕ ತೀರ ಇಳಿಯುವಷ್ಟು ಊಟ ಬಿಡುವುದು), ಬುಲಿಮಿಯಾ (ಮಿತಿಮೀರಿ ತಿಂದು ವಾಂತಿಯಿಂದಲೋ ಉಪವಾಸದಿಂದಲೋ ಅದನ್ನು ಕಳೆಯಲು ನೋಡುವುದು), ಬಿಂಜ್ ಈಟಿಂಗ್ (ಹತೋಟಿ ತಪ್ಪಿ ಮಿತಿಮೀರಿ ತಿನ್ನುವುದು) ಈ ಮೂರರಲ್ಲೂ ಆ ಪ್ರಮಾಣ ಹಲವು ಪಟ್ಟು ಹೆಚ್ಚು ಎಂಬುದನ್ನು ಒಂದಾದ ಮೇಲೊಂದು ಅಧ್ಯಯನ ತೋರಿಸಿದೆ.

ಅಳೆಯಲು ಹೆಚ್ಚಾಗಿ ಬಳಸುವುದು ಟೊರಾಂಟೊ ಮಾಪಕ. 1994ರಲ್ಲಿ ಈಗಿನ ರೂಪಕ್ಕೆ ಬಂದ ಇದರಲ್ಲಿ 20 ವಾಕ್ಯಗಳಿವೆ. ಒಂದೊಂದಕ್ಕೂ 1ರಿಂದ 5ರವರೆಗೆ ಅಂಕ ಕೊಡಬೇಕು. ಒಟ್ಟು 61 ಅಥವಾ ಹೆಚ್ಚು ಬಂದರೆ ಅಲೆಕ್ಸಿಥೈಮಿಯಾ ಇದೆ ಎಂದು, 51 ಅಥವಾ ಕಡಿಮೆ ಬಂದರೆ ಇಲ್ಲವೆಂದು ಲೆಕ್ಕ. 20 ವಾಕ್ಯಗಳಲ್ಲಿ 7 ಭಾವನೆಯನ್ನು ಗುರುತಿಸುವುದರ ಬಗ್ಗೆ, 5 ಅದನ್ನು ಹೇಳಿಕೊಳ್ಳುವುದರ ಬಗ್ಗೆ, ಉಳಿದ 8 ಮನಸ್ಸಿನೊಳಗಿನದನ್ನು ಬಿಟ್ಟು ಹೊರಗಿನ ವಿಷಯಗಳ ಬಗ್ಗೆಯೇ ಯೋಚಿಸುವ ಅಭ್ಯಾಸದ ಬಗ್ಗೆ. ಊಟದ ಕಾಯಿಲೆಯವರಲ್ಲಿ ಎದ್ದು ಕಾಣುವ ವ್ಯತ್ಯಾಸ ಮೊದಲ ಎರಡರಲ್ಲಿ. ಮೂರನೆಯದರಲ್ಲಿ ಅಷ್ಟಿಲ್ಲ. ಅಂದರೆ ಅವರು ತಮ್ಮೊಳಗಿನ ಬಗ್ಗೆ ಯೋಚಿಸುವುದೇ ಇಲ್ಲ ಎಂದಲ್ಲ. ಎಷ್ಟೋ ಜನ ಹಗಲೂ ರಾತ್ರಿ ಯೋಚಿಸುತ್ತಾರೆ, ಆದರೆ ಅಲ್ಲಿರುವುದು ಏನೆಂದು ಕೈಗೆ ಸಿಗುವುದಿಲ್ಲ.

ಮಾಪಕದಲ್ಲೊಂದು ತಮಾಷೆಯೂ ಇದೆ. ‘ನನ್ನ ಭಾವನೆ ನನಗೇ ಗೊತ್ತಾಗುವುದಿಲ್ಲ’ ಎಂದು ಗುರುತು ಹಾಕಬೇಕಾದರೆ ಗೊತ್ತಾಗುತ್ತಿಲ್ಲ ಎಂಬುದಾದರೂ ಗೊತ್ತಿರಬೇಕು. ಹಾಗಾಗಿ ತೀರ ಕಡಿಮೆ ಅಂಕ ಬಂದವರಲ್ಲೂ ಈ ತೊಂದರೆ ಇರಬಹುದು. ಬರಿಯ ಅಂಕ ನೋಡಿ ನಿರ್ಧಾರಕ್ಕೆ ಬರುವವರನ್ನು ನಂಬಬಾರದು.

ಕನ್ನಡಕ್ಕೆ ಮಾತಿನ ಬರವಿಲ್ಲ

‘ನಮ್ಮ ಕಡೆಯವರು ಭಾವನೆಯನ್ನು ಮೈಮೇಲೆ ಹೇರಿ ಹೇಳುತ್ತಾರೆ, ಅದೇ ಅಲೆಕ್ಸಿಥೈಮಿಯಾ’ ಎಂಬ ವಾದವೊಂದಿದೆ. ಅದು ತಪ್ಪು. ಕನ್ನಡದಲ್ಲಿ ಭಾವನೆ ಇರುವುದೇ ಮೈಯಲ್ಲಿ, ಅದರಲ್ಲೂ ಹೊಟ್ಟೆಯಲ್ಲಿ. ಹೊಟ್ಟೆಕಿಚ್ಚು, ಹೊಟ್ಟೆಯುರಿ, ಕರುಳು ಚುರ್ ಎನ್ನುವುದು, ಎದೆ ಧಸಕ್ಕೆನ್ನುವುದು, ಗಂಟಲು ಕಟ್ಟುವುದು. ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತೇವೆ, ದುಃಖವನ್ನು ನುಂಗಿಕೊಳ್ಳುತ್ತೇವೆ. ‘ಅವಳ ಮಾತು ಕೇಳಿ ಕರುಳು ಕಿವುಚಿದ ಹಾಗಾಯ್ತು’ ಎನ್ನುವ ಅಜ್ಜಿಗೆ ತನಗೇನಾಯಿತು ಎಂಬುದು ಚೆನ್ನಾಗಿ ಗೊತ್ತು: ಯಾರ ಮಾತಿಗೆ, ಯಾಕೆ, ಎಷ್ಟು. ಮೈಯ ಮಾತಿನಲ್ಲೇ ಆಕೆ ಭಾವನೆಯನ್ನು ಪೂರ್ತಿಯಾಗಿ ಹೇಳಿದ್ದಾಳೆ.

ಅಲೆಕ್ಸಿಥೈಮಿಯಾ ಇರುವವರಲ್ಲಿ ಕಳಚಿಕೊಂಡಿರುವುದು ಈ ಕೊಂಡಿ. ಹೊಟ್ಟೆ ತೊಳಸುತ್ತದೆ, ಆದರೆ ಯಾರ ಮಾತಿಗೆ ಎಂಬುದಿಲ್ಲ. ಎದೆ ಬಡಿದುಕೊಳ್ಳುತ್ತದೆ, ಆದರೆ ಅದು ‘ಗ್ಯಾಸ್ಟ್ರಿಕ್’. ನಮ್ಮಲ್ಲಿ ‘ಸಂಕಟ’ ಎಂಬ ಪದವೇ ಹೊಟ್ಟೆಯ ತೊಳಸಾಟಕ್ಕೂ ಮನಸ್ಸಿನ ನೋವಿಗೂ ಒಂದೇ. ಕೊಂಡಿ ಇದ್ದವರಿಗೆ ಇದು ಯಾವ ಸಂಕಟ ಎಂದು ಕ್ಷಣದಲ್ಲಿ ತಿಳಿಯುತ್ತದೆ, ಇಲ್ಲದವರಿಗೆ ಎರಡೂ ಒಂದೇ ಆಗಿ ಉಳಿಯುತ್ತದೆ.

ನಿಜಕ್ಕೂ ತೊಂದರೆ ಕೊಡುವ ಪದ ‘ಬೇಜಾರು’. ಅಪ್ಪ ಬೈದರೆ ಬೇಜಾರು, ಬಸ್ಸು ತಪ್ಪಿದರೆ ಬೇಜಾರು, ಗೆಳತಿ ಮಾತುಬಿಟ್ಟರೆ ಬೇಜಾರು, ಮಧ್ಯಾಹ್ನ ಮಾಡಲು ಕೆಲಸವಿಲ್ಲದಿದ್ದರೂ ಬೇಜಾರು. ಅಡಿಕೆಯನ್ನು ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಕಣ್ಣಳತೆಯಲ್ಲೇ ವಿಂಗಡಿಸಿ ಮಂಡಿಗೆ ಕಳಿಸುವ ಮನೆಯಲ್ಲಿ ಭಾವನೆಯನ್ನೆಲ್ಲ ಒಂದೇ ಚೀಲಕ್ಕೆ ತುಂಬಿ ‘ಬೇಜಾರು’ ಎಂದು ಚೀಟಿ ಅಂಟಿಸುತ್ತೇವೆ. ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿದರೆ ಮಂಡಿಯಲ್ಲಿ ಒಳ್ಳೆ ಅಡಿಕೆಗೂ ಕಳಪೆ ಅಡಿಕೆಯ ದರವೇ. ಭಾವನೆಯ ವಿಷಯದಲ್ಲೂ ಅಷ್ಟೇ: ಅವಮಾನಕ್ಕೆ ಬೇಕಾದ ಮದ್ದು ಬೇರೆ, ಒಂಟಿತನಕ್ಕೆ ಬೇಕಾದದ್ದು ಬೇರೆ, ದಣಿವಿಗೆ ಬೇಕಾದದ್ದು ಬರೀ ನಿದ್ದೆ. ಎಲ್ಲವೂ ಬೇಜಾರಾದರೆ ಎಲ್ಲಕ್ಕೂ ಒಂದೇ ಮದ್ದು. ಊಟದ ಕಾಯಿಲೆಯಲ್ಲಿ ಆ ಮದ್ದು ಅನ್ನ. ತಿನ್ನದಿರುವುದು, ಇಲ್ಲವೇ ಮಿತಿಮೀರಿ ತಿನ್ನುವುದು.

ಹಸಿವು ಯಾವುದು, ಹೆದರಿಕೆ ಯಾವುದು

ಮೈಯೊಳಗಿನ ಸುದ್ದಿಯನ್ನು, ಅಂದರೆ ಹಸಿವು, ಹೊಟ್ಟೆ ತುಂಬಿದ್ದು, ಎದೆಬಡಿತ, ಉಸಿರು, ಬಿಸಿ, ತಂಪು ಇವನ್ನು ಓದುವ ಕೆಲಸದಲ್ಲಿ ಮೆದುಳಿನ ಇನ್ಸುಲಾ ಎಂಬ ಭಾಗದ ಪಾಲು ದೊಡ್ಡದು. ಭಾವನೆಯನ್ನು ಅನುಭವಿಸುವಾಗಲೂ ಅದೇ ಭಾಗ ಕೆಲಸಮಾಡುತ್ತದೆ. ಹಾಗಾಗಿ ಒಂದನ್ನು ಓದುವುದು ತಪ್ಪಿದರೆ ಇನ್ನೊಂದೂ ತಪ್ಪುವುದು ಆಶ್ಚರ್ಯವಲ್ಲ. ಹಿಲ್ಡೆ ಬ್ರುಕ್ ಎಂಬ ಮನೋವೈದ್ಯೆ 1962ರಲ್ಲೇ ಇದನ್ನು ಗುರುತಿಸಿದ್ದರು. ಅನೊರೆಕ್ಸಿಯಾ ಇರುವವರು ತಮ್ಮ ಮೈಯ ಆಕಾರವನ್ನಷ್ಟೇ ಅಲ್ಲ, ಹಸಿವನ್ನೂ ದಣಿವನ್ನೂ ಭಾವನೆಯನ್ನೂ ತಪ್ಪಾಗಿ ಓದುತ್ತಾರೆ ಎಂಬುದು ಅವರ ವಾದ. ಅಲೆಕ್ಸಿಥೈಮಿಯಾ ಎಂಬ ಪದ ಹುಟ್ಟುವ ಮೊದಲಿನ ಮಾತು ಇದು.

ಶಿವಮೊಗ್ಗದಲ್ಲಿ ಪಿಯುಸಿ ಓದುವ ಹುಡುಗಿಯೊಬ್ಬಳ ಸಂಜೆಯನ್ನು ಊಹಿಸಿಕೊಳ್ಳಿ. ನಾಲ್ಕೂವರೆಗೆ ಟೆಸ್ಟಿನ ಅಂಕಗಳು ತರಗತಿಯ ವಾಟ್ಸ್ಆ್ಯಪ್ ಗುಂಪಿಗೆ ಬಂದವು. ಎಲ್ಲರ ಹೆಸರಿನ ಮುಂದೆಯೂ ಅಂಕ, ತನ್ನದು ಕೆಳಗಿನ ಸಾಲಿನಲ್ಲಿ. ಎದೆ ಬಡಿದುಕೊಂಡಿತು, ಕಿವಿ ಬಿಸಿಯಾಯಿತು, ಹೊಟ್ಟೆಯಲ್ಲೇನೋ ಕಿವುಚಿತು. ಅವಮಾನ ಎಂಬ ಪದ ಮನಸ್ಸಿಗೆ ಬರಲೇ ಇಲ್ಲ. ಬಂದದ್ದು ‘ಒಂಥರಾ ಆಗ್ತಿದೆ’ ಎಂಬುದು. ಆ ಒಂಥರಾಗೆ ಕಾರಣ ಹುಡುಕಿದರೆ ಕೈಗೆ ಸಿಗುವುದು ಮಧ್ಯಾಹ್ನದ ಊಟ: ಜಾಸ್ತಿ ತಿಂದೆ, ಅದಕ್ಕೇ. ರಾತ್ರಿ ಮೆಸ್ಸಿಗೆ ಹೋಗಲಿಲ್ಲ. ಹೋಗದಿದ್ದಾಗ ಒಂದು ಬಗೆಯ ಹಗುರ, ತಾನು ಏನನ್ನೋ ಹತೋಟಿಗೆ ತಂದೆ ಎಂಬ ಭಾವ. ಮೆದುಳು ಈ ಹಗುರವನ್ನು ನೆನಪಿಟ್ಟುಕೊಳ್ಳುತ್ತದೆ. ಮುಂದಿನ ಒಂಥರಾಗೆ ಇದೇ ದಾರಿ.

ಬುಲಿಮಿಯಾ, ಬಿಂಜ್ ಈಟಿಂಗ್‌ನಲ್ಲಿ ದಾರಿ ತಿರುಗಿ ನಿಲ್ಲುತ್ತದೆ. ಅದೇ ಕಿವುಚಾಟ ಹಸಿವಿನಂತೆ ಕೇಳಿಸುತ್ತದೆ. ಹಗಲೆಲ್ಲ ಉಪವಾಸವಿದ್ದರಂತೂ ನಿಜವಾದ ಹಸಿವೂ ಸೇರಿಕೊಂಡಿರುತ್ತದೆ. ತಿನ್ನುತ್ತಿರುವಷ್ಟು ಹೊತ್ತು ತಲೆಯೊಳಗಿನ ಗದ್ದಲ ನಿಲ್ಲುತ್ತದೆ, ಕಣ್ಣಿನ ಮುಂದಿನ ತುತ್ತು ಬಿಟ್ಟರೆ ಬೇರೇನಿಲ್ಲ. ನಿಲ್ಲಿಸಿದ ಮೇಲೆ ನಾಚಿಕೆ. ಆ ನಾಚಿಕೆಗೂ ಹೆಸರಿಲ್ಲ, ಅದಕ್ಕೂ ಮತ್ತೆ ವಾಂತಿ ಅಥವಾ ಮರುದಿನದ ಉಪವಾಸವೇ ಉತ್ತರ. ‘ಬಾಯಿಚಪಲ’ ಎಂದು ಇದನ್ನು ಹೀಯಾಳಿಸುವವರು ಒಂದನ್ನು ಗಮನಿಸಲಿ: ಆ ಹೊತ್ತಿನಲ್ಲಿ ತಿಂದದ್ದರ ರುಚಿ ಏನಿತ್ತು ಎಂದು ಕೇಳಿದರೆ ಬಹಳ ಜನರಿಗೆ ನೆನಪಿರುವುದಿಲ್ಲ.

ಗಂಡುಹುಡುಗರಲ್ಲಿ ಇದು ಇನ್ನೂ ಮರೆಯಲ್ಲಿರುತ್ತದೆ. ಜಿಮ್ಮು, ಪ್ರೋಟೀನ್ ಪುಡಿ, ‘ಕಟ್ಟುಮಸ್ತಾಗಬೇಕು’ ಎಂಬ ಹೆಸರಿನಲ್ಲಿ ನಡೆಯುವುದರಿಂದ ಮನೆಯವರು ಹೆಮ್ಮೆಪಡುತ್ತಾರೆಯೇ ಹೊರತು ಅನುಮಾನಿಸುವುದಿಲ್ಲ. ‘ಗಂಡಸು ಅಳಬಾರದು’ ಎಂದು ಬೆಳೆಸಿದ ಮೇಲೆ ಭಾವನೆಗೆ ಮಾತು ಎಲ್ಲಿಂದ ಬರಬೇಕು?

ಮೊದಲು ಯಾವುದು?

ಭಾವನೆ ಗೊತ್ತಾಗದ್ದರಿಂದ ಊಟ ಕೆಟ್ಟಿತೋ, ಊಟ ಕೆಟ್ಟದ್ದರಿಂದ ಭಾವನೆ ಮರಗಟ್ಟಿತೋ? ಎರಡೂ ನಡೆಯುತ್ತದೆ. ಎರಡನೆಯದನ್ನು ಮನೆಯವರು ಲೆಕ್ಕಕ್ಕೇ ಹಿಡಿಯುವುದಿಲ್ಲವಾದ್ದರಿಂದ ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಎರಡನೇ ಮಹಾಯುದ್ಧದ ಕೊನೆಯ ಹೊತ್ತಿಗೆ, 1944–45ರಲ್ಲಿ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆ್ಯನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಯುವಕರನ್ನು 24 ವಾರ ಅರೆಹೊಟ್ಟೆಯಲ್ಲಿಟ್ಟು ನೋಡಿದರು. ಎಲ್ಲರೂ ಒಪ್ಪಿ ಬಂದವರು, ಮನಸ್ಸು ಗಟ್ಟಿಯಿದೆ ಎಂದು ಪರೀಕ್ಷಿಸಿ ಆರಿಸಿದವರು. ದೇಹತೂಕದ ಸುಮಾರು ಕಾಲು ಭಾಗ ಇಳಿಯುವ ಹೊತ್ತಿಗೆ ಅವರು ಖಿನ್ನರಾಗಿದ್ದರು, ಸಣ್ಣ ಮಾತಿಗೂ ಸಿಡುಕುತ್ತಿದ್ದರು, ಗೆಳೆಯರಿಂದ ದೂರ ಸರಿದಿದ್ದರು. ಊಟವನ್ನು ಗಂಟೆಗಟ್ಟಲೆ ಎಳೆಯುತ್ತಿದ್ದರು, ಅಡುಗೆ ಪುಸ್ತಕ ಓದುತ್ತಿದ್ದರು. ಯಾರಿಗೂ ದಪ್ಪಗಾಗುವ ಭಯವಿರಲಿಲ್ಲ. ಹಸಿವೊಂದೇ ಇಷ್ಟನ್ನು ಮಾಡಬಲ್ಲದು.

ಹಾಗಾಗಿ ತೀರ ಸೊರಗಿದವರನ್ನು ಕೂರಿಸಿಕೊಂಡು ‘ನಿನ್ನ ಮನಸ್ಸಿನಲ್ಲಿ ಏನಿದೆ ಹೇಳು’ ಎನ್ನುವುದು ಬ್ಯಾಟರಿ ಇಲ್ಲದ ಟಾರ್ಚಿನ ಗುಂಡಿ ಒತ್ತಿದ ಹಾಗೆ. ಕ್ರಮ ಹೀಗಿರಬೇಕು: ಮೊದಲು ಜೀವಕ್ಕೆ ಅಪಾಯವಿದೆಯೇ ನೋಡುವುದು, ಆಮೇಲೆ ಹೊತ್ತುಹೊತ್ತಿಗೆ ಊಟ, ಅದರ ಜೊತೆಜೊತೆಗೆ ನಿಧಾನವಾಗಿ ಮಾತು. ತೂಕ ಸರಿಹೋದ ಮಾತ್ರಕ್ಕೆ ಮಾತು ತಾನಾಗಿ ಬರುತ್ತದೆ ಎಂದೂ ಭಾವಿಸಬಾರದು. ಚೇತರಿಸಿಕೊಂಡವರಲ್ಲೂ ಈ ತೊಂದರೆ ಒಂದಿಷ್ಟು ಉಳಿದಿರುತ್ತದೆ. ಖಿನ್ನತೆ, ಆತಂಕ ಜೊತೆಗಿದ್ದರೆ ಇದು ಇನ್ನಷ್ಟು ಹೆಚ್ಚು. ಆಟಿಸಂ ಇರುವವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಅಲೆಕ್ಸಿಥೈಮಿಯಾ ಇರುವುದರಿಂದ ಆ ಕಡೆಗೂ ವೈದ್ಯರು ಕಣ್ಣು ಹಾಯಿಸಬೇಕಾಗುತ್ತದೆ.

ಮಲೆನಾಡಿನಲ್ಲಿ ಇದು ಅಡಗುವ ಜಾಗಗಳು

ಗ್ಯಾಸ್ಟ್ರಿಕ್ ಮೊದಲನೆಯದು. ಹೊಟ್ಟೆ ಉಬ್ಬರ, ಹಸಿವಿಲ್ಲ, ಎರಡು ತುತ್ತಿಗೇ ತುಂಬಿದ ಹಾಗೆ. ಇವು ಬರಿಯ ನೆಪವೂ ಅಲ್ಲ. ಬಹಳ ದಿನ ಕಡಿಮೆ ತಿಂದರೆ ಜಠರ ಖಾಲಿಯಾಗುವುದು ನಿಜಕ್ಕೂ ನಿಧಾನವಾಗುತ್ತದೆ. ಹಾಗಾಗಿ ಆ್ಯಸಿಡ್ ಮಾತ್ರೆ, ಕಷಾಯ, ಎಂಡೋಸ್ಕೋಪಿ ಎಂದು ತಿಂಗಳುಗಟ್ಟಲೆ ಕಳೆಯುತ್ತದೆ. ‘ದಪ್ಪಗಾಗುತ್ತೇನೆಂಬ ಹೆದರಿಕೆ ಅವಳಿಗಿಲ್ಲ, ಹಾಗಾಗಿ ಇದು ಆ ಕಾಯಿಲೆಯಲ್ಲ’ ಎಂದು ಕೈಬಿಡುವುದೂ ಉಂಟು. ಆ ಹೆದರಿಕೆಯನ್ನು ಬಾಯಿಬಿಟ್ಟು ಹೇಳದೆ ಹೊಟ್ಟೆಯ ತೊಂದರೆಯನ್ನೇ ಹೇಳುವ ಅನೊರೆಕ್ಸಿಯಾ ರೋಗಿಗಳನ್ನು ಹಾಂಗ್‌ಕಾಂಗಿನ ಮನೋವೈದ್ಯ ಸಿಂಗ್ ಲೀ 1990ರ ದಶಕದಲ್ಲೇ ವಿವರಿಸಿದ್ದಾರೆ. ಹೇಳಲು ಮಾತೇ ಇಲ್ಲದವರಿಂದ ಆ ಒಂದು ಮಾತನ್ನು ನಿರೀಕ್ಷಿಸುತ್ತಾ ಕೂರುವುದು ಸರಿಯಲ್ಲ.

ಎರಡನೆಯದು ವ್ರತ. ಸಂಕಷ್ಟಿ, ಏಕಾದಶಿ, ಶನಿವಾರದ ಒಪ್ಪತ್ತು. ವ್ರತ ಮಾಡುವುದು ಕಾಯಿಲೆಯಲ್ಲ. ನೋಡಬೇಕಾದದ್ದು ಪಾರಣೆ. ವ್ರತದವರು ಪಾರಣೆಯನ್ನು ಎದುರುನೋಡುತ್ತಾರೆ, ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಾರೆ. ಕಾಯಿಲೆಯವರು ಪಾರಣೆಯನ್ನು ಮುಂದೂಡುತ್ತಾರೆ, ವಾರಕ್ಕೊಂದಿದ್ದ ಉಪವಾಸ ಎರಡಾಗುತ್ತದೆ, ಮನೆಯಲ್ಲಿ ಯಾರೂ ಮಾಡದ ಹೊಸ ವ್ರತವೊಂದು ಹುಟ್ಟಿಕೊಳ್ಳುತ್ತದೆ.

ಇನ್ನು ಬಂದ ನೆಂಟರ ಬಾಯಿ. “ಎಷ್ಟು ಸಣ್ಣಗಾಗಿದ್ದೀಯೆ ಕೂಸೆ, ಈಗ ಲಾಯ್ಕಿದ್ದೀಯ” ಎಂಬುದು ಒಂದು ಕಡೆ, “ಇನ್ನೊಂದು ಹಾಕ್ಕೊ, ನನ್ನ ಮೇಲೆ ಪ್ರೀತಿ ಇದ್ರೆ ಹಾಕ್ಕೊ” ಎಂಬ ಬಲವಂತ ಇನ್ನೊಂದು ಕಡೆ. ನಮ್ಮಲ್ಲಿ ಪ್ರೀತಿ, ಸಿಟ್ಟು, ಕ್ಷಮೆ, ಗೌರವ ಎಲ್ಲವನ್ನೂ ಬಡಿಸಿಯೇ ತೋರಿಸುವುದು. ಅಮ್ಮನ ಮೇಲಿನ ಮುನಿಸಿಗೆ ಊಟ ಬಿಡುವುದು ಎಲ್ಲ ಮನೆಯಲ್ಲೂ ನಡೆದಿದೆ, ಎಲ್ಲರೂ ಅದನ್ನು ಮುನಿಸೆಂದೇ ಓದಬಲ್ಲರು. ಓದಲಾಗದಷ್ಟು ದೂರ ಅದು ಹೋದಾಗ ಕಾಯಿಲೆ.

ಮಾತು ಕಟ್ಟುವ ಕೆಲಸ

ರಿಚರ್ಡ್ ಲೇನ್ ಮತ್ತು ಗ್ಯಾರಿ ಶ್ವಾರ್ಟ್ಜ್ 1987ರಲ್ಲಿ ಭಾವನೆಯ ಅರಿವಿಗೆ ಐದು ಮೆಟ್ಟಿಲುಗಳನ್ನು ಹೇಳಿದರು. ಕನ್ನಡದಲ್ಲಿ ಹೇಳಿದರೆ ಹೀಗಾಗುತ್ತದೆ. ಕೆಳಗಿನ ಮೆಟ್ಟಿಲು ಬರಿಯ ಮೈ: ‘ದವಡೆ ಬಿಗಿಯಾಯಿತು.’ ಎರಡನೆಯದು ಏನೋ ಮಾಡಬೇಕೆನ್ನಿಸುವುದು: ‘ಎದ್ದು ಹೋಗಬೇಕೆನ್ನಿಸಿತು.’ ಮೂರನೆಯದು ಒಂದು ಹೆಸರು: ‘ಸಿಟ್ಟು ಬಂತು.’ ನಾಲ್ಕನೆಯದರಲ್ಲಿ ಎರಡು ಒಟ್ಟಿಗೆ: ‘ಸಿಟ್ಟೂ ಬಂತು, ಸಿಟ್ಟು ಬಂದದ್ದಕ್ಕೆ ನಾಚಿಕೆಯೂ ಆಯಿತು.’ ಐದನೆಯದರಲ್ಲಿ ಎದುರಿನವರದ್ದೂ ಸೇರುತ್ತದೆ: ‘ದೊಡ್ಡಮ್ಮ ಪ್ರೀತಿಯಿಂದಲೇ ಅಂದಿರಬೇಕು, ನನಗೆ ಮಾತ್ರ ಅವಮಾನವಾಯಿತು.’

ಮನೆಯವರು, ಎಷ್ಟೋ ಸಲ ಆಪ್ತಸಮಾಲೋಚಕರೂ ಮಾಡುವ ತಪ್ಪೆಂದರೆ ಒಂದನೇ ಮೆಟ್ಟಿಲಲ್ಲಿ ನಿಂತವರನ್ನು ನಾಲ್ಕನೆಯದಕ್ಕೆ ಹತ್ತು ಎನ್ನುವುದು. ಒಂದನೆಯದರಲ್ಲೇ ಎರಡು ವಾರ ಕಳೆದರೂ ನಷ್ಟವಿಲ್ಲ. ಅದಕ್ಕೊಂದು ನೂರು ಪುಟದ ನೋಟ್‌ಪುಸ್ತಕ ಸಾಕು. ಆರು ಅಂಕಣ ಎಳೆಯಿರಿ: ಹೊತ್ತು, ಎಲ್ಲಿದ್ದೆ, ಯಾರಿದ್ದರು, ಮೈಯಲ್ಲಿ ಎಲ್ಲಿ ಏನಾಯಿತು, ಏನು ಮಾಡಬೇಕೆನ್ನಿಸಿತು, ಹೆಸರು. ದಿನಕ್ಕೆ ಮೂರು ಸಲ, ಒಂದೊಂದು ಸಲಕ್ಕೆ ಎರಡು ನಿಮಿಷ ಮೀರದಂತೆ. ತೂಕ, ಕ್ಯಾಲೊರಿ, ತಿಂದ ಪ್ರಮಾಣ ಇವಕ್ಕೆ ಈ ಪುಸ್ತಕದಲ್ಲಿ ಜಾಗವಿಲ್ಲ. ಇಂಥ ಅಂಕಿ ಒಳಗೆ ಬಂದರೆ ಮೂರೇ ದಿನದಲ್ಲಿ ಪುಸ್ತಕ ಕಾಯಿಲೆಯ ಪಾಲಾಗುತ್ತದೆ.

ಮೊದಲ ವಾರದ ಒಂದು ಸಾಲು ಹೀಗಿರಬಹುದು: ‘ಸಂಜೆ 5.20. ಜಗಲಿ, ದೊಡ್ಡಮ್ಮ. ದವಡೆ ಬಿಗಿ, ಅಂಗೈ ತಣ್ಣಗೆ. ಒಳಗೆ ಹೋಗಬೇಕೆನ್ನಿಸಿತು. ?’ ಕೊನೆಯ ಅಂಕಣದಲ್ಲಿ ಪ್ರಶ್ನೆಚಿಹ್ನೆ ಹಾಕಿದರೆ ಅದು ಸೋಲಲ್ಲ, ಸರಿಯಾದ ಉತ್ತರವೇ. ಹತ್ತು ಹದಿನೈದು ಸಾಲು ಸೇರಿದ ಮೇಲೆ ಹಿಂದಿರುಗಿ ನೋಡಿದರೆ ದವಡೆ ಬಿಗಿಯಾದಾಗಲೆಲ್ಲ ಯಾರಿದ್ದರು, ಯಾವ ಮಾತು ನಡೆದಿತ್ತು ಎಂಬುದು ತಾನಾಗಿ ಕಾಣತೊಡಗುತ್ತದೆ. ಹೆಸರು ಹುಟ್ಟುವುದು ಅಲ್ಲಿಂದ.

ಹೆಸರಿನ ಜಾಗದಲ್ಲಿ ‘ಬೇಜಾರು’ ಬರೆಯಬಹುದು, ಆದರೆ ವಿಂಗಡಿಸಿ. ಯಾರೋ ಮಾಡಿದ್ದಕ್ಕೆ ಬಂದ ಬೇಜಾರಾದರೆ ಸಿಟ್ಟು, ಮುನಿಸು, ಅವಮಾನ ಇವುಗಳಲ್ಲಿ ಒಂದಿರಬಹುದು. ಏನೋ ಕೈತಪ್ಪಿದ್ದಕ್ಕಾದರೆ ದುಃಖ, ಹಂಬಲ. ಮುಂದೆ ಆಗಬಹುದಾದ್ದಕ್ಕಾದರೆ ಹೆದರಿಕೆ, ಕಳವಳ, ದಿಗಿಲು. ತಾನೇ ಮಾಡಿದ್ದಕ್ಕಾದರೆ ನಾಚಿಕೆ, ಅಳುಕು, ಪಶ್ಚಾತ್ತಾಪ. ಇದಾವುದೂ ಅಲ್ಲದಿದ್ದರೆ ಒಂಟಿತನ, ಬೇಸರ ಅಥವಾ ಬರೀ ದಣಿವು. ಪಕ್ಕದಲ್ಲಿ ಹತ್ತಕ್ಕೆ ಎಷ್ಟು ಎಂದು ಬರೆದರೆ ಎರಡಕ್ಕಿದ್ದ ಅಳುಕು ಮತ್ತು ಎಂಟಕ್ಕೇರಿದ ಅಳುಕು ಬೇರೆಬೇರೆ ಎಂಬುದೂ ಗೊತ್ತಾಗುತ್ತದೆ. ಹೆಸರಿಡುವುದರಿಂದ ಏನಾದೀತು ಎನ್ನುವವರಿಗೆ: ಭಾವನೆಗೆ ಪದ ಕೊಟ್ಟಾಗ ಮೆದುಳಿನಲ್ಲಿ ಭಯದ ಗಂಟೆ ಬಾರಿಸುವ ಅಮಿಗ್ಡಲಾದ ಚಟುವಟಿಕೆ ತಗ್ಗುವುದನ್ನು ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು 2007ರಲ್ಲಿ ಮೆದುಳಿನ ಸ್ಕ್ಯಾನ್ ಮಾಡಿ ತೋರಿಸಿದ್ದಾರೆ.

ಕೆಡುವುದು ಎಲ್ಲಿ ಎಂಬುದನ್ನೂ ಹೇಳಬೇಕು. ಮೈಯನ್ನು ಗಮನಿಸು ಎಂದಾಗ ಹೊಟ್ಟೆಯಿಂದ ಶುರುಮಾಡಿದರೆ ಈ ಕಾಯಿಲೆಯವರಿಗೆ ಗಾಬರಿ ಹೆಚ್ಚುತ್ತದೆ, ಗಮನವೆಲ್ಲ ಹೊಟ್ಟೆ ಎಷ್ಟು ಮುಂದೆ ಬಂದಿದೆ ಎಂಬುದಕ್ಕೆ ಹೋಗುತ್ತದೆ. ಅಂಗೈ, ಪಾದ, ದವಡೆ, ಹೆಗಲು ಇಲ್ಲಿಂದ ಆರಂಭಿಸಬೇಕು. ಬಿಸಿ ಕಷಾಯದ ಸ್ಟೀಲು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಬಿಸಿ ಮೊದಲು ತಾಗಿದ್ದು ಬೆರಳಿಗೋ ಅಂಗೈಗೋ ಎಂದು ಗಮನಿಸುವುದು ಒಳ್ಳೆಯ ಮೊದಲ ಪಾಠ. ಇನ್ನೊಂದು, ಪುಸ್ತಕವನ್ನು ಮನೆಯವರು ಕದ್ದು ಓದುವುದು. ಒಮ್ಮೆ ಓದಿದರೆ ಮುಗಿಯಿತು, ಆಮೇಲೆ ಅದರಲ್ಲಿ ಬರುವುದು ಅಮ್ಮನಿಗಾಗಿ ಬರೆದ ಸಾಲುಗಳು. ಮೂರನೆಯದು ಜಾಣಮಕ್ಕಳ ತೊಂದರೆ: ಪಟ್ಟಿಯಿಂದ ಚಂದದ ಪದ ಆರಿಸಿ ಪಾಠ ಒಪ್ಪಿಸುವುದು. ಮೈ ಮತ್ತು ಸಂದರ್ಭದ ಅಂಕಣ ಖಾಲಿಯಿದ್ದು ಹೆಸರು ಮಾತ್ರ ತುಂಬಿದ್ದರೆ ಹಾಗಾಗಿದೆ ಎಂದರ್ಥ.

ಊಟದ ಹೊತ್ತು ಇದಕ್ಕೆ ಸರಿಯಾದ ಹೊತ್ತಲ್ಲವೇ ಅಲ್ಲ. ತಟ್ಟೆಯ ಮುಂದೆ ‘ಯಾಕೆ’ ಎಂಬ ಪದವನ್ನೇ ಎತ್ತಬೇಡಿ. ಅದಕ್ಕೆ ಅವಳ ಬಳಿ ಉತ್ತರವಿಲ್ಲ. “ಊಟ ಕಷ್ಟ ಆಗ್ತಿದೆ ಅಂತ ಕಾಣ್ತದೆ, ನಾನು ಇಲ್ಲೇ ಕೂತಿರ್ತೀನಿ” ಎಂದರೆ ಸಾಕು. ಬಸ್ಸು, ಮಳೆ, ಕೊಟ್ಟಿಗೆಗೆ ಬಂದ ಹೊಸ ಕರು, ಏನಾದರೂ ಮಾತಾಡಿ. ವಾಂತಿಯ ಅಭ್ಯಾಸವಿದ್ದರೆ ಊಟದ ನಂತರ ಒಂದು ಗಂಟೆಯಾದರೂ ಯಾರಾದರೂ ಜೊತೆಗಿರಲಿ, ಕಾವಲಿನ ಹಾಗಲ್ಲ, ಅಡಿಕೆ ಸುಲಿಯುತ್ತಲೋ ಚನ್ನೆಮಣೆ ಆಡುತ್ತಲೋ. ‘ನಿಂಗೆ ಸಿಟ್ಟು ಬಂದಿದೆ ಅಲ್ವಾ’ ಎಂದು ನೀವೇ ಹೆಸರು ತುರುಕಿದರೆ ಹೂಂ ಎಂದುಬಿಡುತ್ತಾಳೆ, ಅದರಿಂದ ಪ್ರಯೋಜನವಿಲ್ಲ. “ನಂಗಾಗಿದ್ರೆ ಅವಮಾನ ಆಗ್ತಿತ್ತು. ನಿಂಗೆ ಬೇರೆ ಎಂತಾದ್ರೂ ಆಗಿರ್ಬಹುದು” ಎಂದು ಬಾಗಿಲು ತೆರೆದಿಡಿ.

ವೈದ್ಯರ ಬಳಿ

ಮೇಲಿನದೆಲ್ಲ ಚಿಕಿತ್ಸೆಯ ಜೊತೆ ಮಾಡುವ ಕೆಲಸ, ಚಿಕಿತ್ಸೆಯ ಬದಲಿಗೆ ಅಲ್ಲ. ಮನೋರೋಗಗಳಲ್ಲಿ ಅತಿ ಹೆಚ್ಚು ಜೀವ ತೆಗೆಯುವವುಗಳಲ್ಲಿ ಅನೊರೆಕ್ಸಿಯಾ ಒಂದು. ಹಗಲಲ್ಲಿ ಸುಮ್ಮನೆ ಕೂತಿದ್ದಾಗ ನಾಡಿ ನಿಮಿಷಕ್ಕೆ 50ಕ್ಕಿಂತ ಕಡಿಮೆ, ಎದ್ದು ನಿಂತರೆ ಕಣ್ಣುಕತ್ತಲೆ, ಎದೆ ಡವಡವ ತಪ್ಪಿ ಬಡಿಯುವುದು, ಅನ್ನನೀರು ಪೂರ್ತಿ ಬಿಡುವುದು, ಸಾಯುವ ಮಾತು, ಇವುಗಳಲ್ಲಿ ಒಂದಿದ್ದರೂ ಅದೇ ದಿನ ಆಸ್ಪತ್ರೆ. ಸೆಕೆಯಲ್ಲೂ ಸ್ವೆಟರ್, ತಿಂಗಳ ಮುಟ್ಟು ನಿಲ್ಲುವುದು, ಕೆನ್ನೆಯ ಕೆಳಗೆ ಊತ ಇವೂ ಸುಳಿವುಗಳು. ಬಹಳ ದಿನ ತಿನ್ನದವರಿಗೆ ಮನೆಯಲ್ಲೇ ಒಮ್ಮೆಗೆ ಹೊಟ್ಟೆತುಂಬ ತಿನ್ನಿಸಲು ಹೋಗಬಾರದು. ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ದಿಢೀರನೆ ಕುಸಿದು ಹೃದಯಕ್ಕೆ ಅಪಾಯವಾಗಬಹುದು. ಈ ಮೂರರ ರಕ್ತಪರೀಕ್ಷೆ ಮತ್ತು ಇಸಿಜಿ ನೋಡಿಕೊಂಡು ವೈದ್ಯರು ಹಂತಹಂತವಾಗಿ ಹೆಚ್ಚಿಸುತ್ತಾರೆ. ಅಪಾಯ ಕಳೆದ ಮೇಲೆ ಮೂರು ಊಟ, ಎರಡು ಮೂರು ತಿಂಡಿ, ನಡುವೆ ನಾಲ್ಕು ಗಂಟೆಗಿಂತ ಹೆಚ್ಚು ಬಿಡುವಿಲ್ಲದಂತೆ.

ಹದಿಹರೆಯದವರಿಗೆ ಮನೆಯವರೇ ಊಟದ ಹೊಣೆ ಹೊರುವ ಕುಟುಂಬ ಆಧಾರಿತ ಚಿಕಿತ್ಸೆಗೆ ಹೆಚ್ಚಿನ ಆಧಾರವಿದೆ. ದೊಡ್ಡವರಿಗೆ ಊಟದ ಕಾಯಿಲೆಗೆಂದೇ ರೂಪಿಸಿದ ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆಯ ಜಾಡನ್ನು ಬದಲಿಸುವ ಮಾತಿನ ಚಿಕಿತ್ಸೆ. ತೂಕ ತೀರ ಇಳಿಯದಿದ್ದರೆ ಸುಮಾರು 20 ವಾರ, ಇಳಿದಿದ್ದರೆ 40 ವಾರ. ಭಾವನೆ ಗುರುತಿಸುವುದನ್ನೇ ಕಲಿಸುವ ಕಿರು ತರಬೇತಿಗಳನ್ನು ಲಂಡನ್ನಿನ ಕೇಟ್ ಚಂಟೂರಿಯಾ ಮತ್ತು ಸಂಗಡಿಗರು ಆಸ್ಪತ್ರೆಯಲ್ಲಿರುವ ಅನೊರೆಕ್ಸಿಯಾ ರೋಗಿಗಳಿಗಾಗಿ ರೂಪಿಸಿದ್ದಾರೆ. ಅವು ಮುಖ್ಯ ಚಿಕಿತ್ಸೆಗೆ ಪೂರಕ, ಅವೇ ಕಾಯಿಲೆ ವಾಸಿಮಾಡುತ್ತವೆ ಎನ್ನುವ ಹಾಗಿಲ್ಲ. ಅಲೆಕ್ಸಿಥೈಮಿಯಾಕ್ಕೆಂದೇ ಮಾತ್ರೆಯಿಲ್ಲ.

ಮನೋವೈದ್ಯಕೀಯವನ್ನು ಕನ್ನಡದಲ್ಲೇ ಜನರ ಮುಂದಿಟ್ಟ ಡಾ. ಅಶೋಕ್ ಪೈ ಅವರ ಊರು ಶಿವಮೊಗ್ಗ. ಮೆಗ್ಗಾನ್ ಬೋಧನಾ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗವಿದೆ. ಗಂಭೀರ ಪ್ರಕರಣವಾದರೆ ಬೆಂಗಳೂರಿನ ನಿಮ್ಹಾನ್ಸ್. ಘಟ್ಟದ ಮಳೆಗೆ ರಸ್ತೆ ಕೆಟ್ಟು ಊರು ದಾಟಲಾಗದ ದಿನಗಳಲ್ಲಿ 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಇದು, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ವೈದ್ಯರ ಮುಂದೆಯೂ ಅವಳ ಉತ್ತರ ‘ಎಂತಿಲ್ಲ’ವೇ ಆಗಿರುವುದರಿಂದ ಒಂದು ಚೀಟಿ ಬರೆದುಕೊಂಡು ಹೋಗಿ: ಆರು ತಿಂಗಳಲ್ಲಿ ಆದ ಬದಲಾವಣೆ, ಮುಟ್ಟು ನಿಂತು ಎಷ್ಟು ತಿಂಗಳು, ಊಟದ ಹೊತ್ತಿನಲ್ಲಿ ಕಂಡದ್ದು, ಊಟದ ನಂತರ ಬಚ್ಚಲಿಗೆ ಹೋಗುವ ಅಭ್ಯಾಸ, ತಲೆಸುತ್ತು. ಚೀಟಿಯನ್ನು ಮೊದಲು ಅವಳಿಗೇ ಓದಲು ಕೊಡಿ.

ಇನ್ನೊಂದನ್ನು ಮೊದಲೇ ತಿಳಿದಿರಬೇಕು. ಊಟ ಸರಿಹೋಗತೊಡಗಿದ ಕೆಲವು ವಾರಗಳಲ್ಲಿ ಅಲ್ಲಿಯವರೆಗೆ ತಣ್ಣಗಿದ್ದವಳು ಅಳುತ್ತಾಳೆ, ಬಾಗಿಲು ದಡಾರನೆ ಹಾಕುತ್ತಾಳೆ, ‘ನಿಮ್ಮಿಂದಲೇ ಎಲ್ಲ ಆದದ್ದು’ ಎನ್ನುತ್ತಾಳೆ. ಮನೆಯವರಿಗೆ ಇದು ಕಾಯಿಲೆ ಉಲ್ಬಣಿಸಿದ ಹಾಗೆ ಕಾಣುತ್ತದೆ. ‘ಊಟಕ್ಕೆ ಬಲವಂತ ಮಾಡಿದ್ದಕ್ಕೇ ಹೀಗಾಯ್ತು, ಸ್ವಲ್ಪ ದಿನ ಬಿಡೋಣ’ ಎಂದು ಅಪ್ಪ ಹೇಳುವುದು ಆಗಲೇ. ಮರಗಟ್ಟಿದ ಕಾಲಿಗೆ ರಕ್ತ ಹರಿದಾಗ ಮೊದಲು ಬರುವುದು ಜುಮ್ಮೆನ್ನುವ ನೋವು. ಆ ವಾರ ವೈದ್ಯರಿಗೆ ಫೋನು ಮಾಡಿ ಹೇಳಿ, ಅತ್ತರೆ ಅಳಲು ಬಿಡಿ, ಐದು ಗಂಟೆಯ ತಿಂಡಿಯನ್ನು ಮಾತ್ರ ಐದು ಗಂಟೆಗೇ ಇಡಿ.